ಚೆಂಡುಹೂವಿನ ಬುಡಕ ಕರೀ ಗೆರಿ

ಚಿಗಳ್ಳಿ, ಶನಿವಾರ
ತಾ. 17-10-1964

ನಮ್ಮ ಮನಿಯವರಿಗೆ ಸುಶೀಲಾ ಮಾಡುವ ನಮಸ್ಕಾರ.

ಇಲ್ಲಿ ನಾವೆಲ್ಲಾ ಆರಾಮ ಅದೀವಿ. ನೀವು ಅಲ್ಲಿ ಆರಾಮ ಇರೂದು ಈ ಪತ್ರ ಸೋಮವಾರಕ್ಕಿಂತ ಮೊದಲ ನಿಮ್ಮ ಕೈ ಸೇರೂದರ ಮ್ಯಾಲೆ ಐತಿ. ಅದಕ್ಕ ಅಂಚೆಗೆ ಹಾಕಲಿಲ್ಲ. ನಾಳೆ ಮುಂಡಗೋಡದಿಂದ ಬಿದರು ಹೇರಿಕೊಂಡು ದಾಂಡೇಲಿಗೆ ಬರೂ ಲಾರಿಯ ಡ್ರೈವರ್ ಅಬ್ದುಲ್ ಕರೀಮ ಅವರ ಕೈಯಾಗ ಕೊಟ್ಟು ಕಳಸತೇನಿ.

ಮೊದಲ ಮುಖ್ಯ ಮಾತು ಹೇಳಿಬಿಡತೇನಿ, ಆಮ್ಯಾಲೆ ಸಿಟ್ಟಾದ್ರೂ ಆಗ್ರಿ. ನಮ್ಮ ಸಣ್ಣ ಟ್ರ್ಯಾಕ್ಟರಿನ ಹಿಂದ ಕಟ್ಟಾಕಂತ ಹಳಿಯಾಳದಿಂದ ತಂದ್ರೆಲ್ಲಾ ಆ ಎರಡು ಕಬ್ಬಿಣದ ಕೋಡು, ಅವನ್ನ ಹಚ್ಚಿ ಸೋಮವಾರ ಕಾಗದದ ಗಂಟು ಎತ್ತಬ್ಯಾಡ್ರಿ. ಎತ್ತಲೇಬೇಕಂದ್ರೂ ನಮ್ಮ ಆಳು ಗೂಳಪ್ಪನ್ನ ಅದರ ಹತ್ರ ನಿಂದರಸಬ್ಯಾಡ್ರಿ. ಎಡಗಡೆ ಕೋಡು ಬಾಗಿದ ಜಾಗಾದಾಗ ಸೀಳೈತಿ. ನಾ ಕಣ್ಣಾರೆ ನೋಡೇನಿ. ನೋಡಿದ್ದು ನವಮಿ ದಿನಾನ. ಆದ್ರ ಅದು ಸೀಳು ಅಂತ ನನಗ ತಿಳದದ್ದು ಇವತ್ತ ಮುಂಜಾನೆ.

ರೊಟ್ಟಿ ಬಡಿಯಾಕಿಗೆ ಕಬ್ಬಿಣದ ಮಾತೇನು ಗೊತ್ತು ಅಂತೀರಿ. ಅನ್ರಿ. ಆದ್ರ ಪೂರಾ ಓದಿ ಅನ್ರಿ. ಮತ್ತ ಅತ್ತಿಯವರ ಮುಂದ ಕುಂತು ಓದಬ್ಯಾಡ್ರಿ. ನಿಮಗ ಬಾಯಿಬಿಟ್ಟು ಓದೂ ಚಟಾ ಐತಿ, ಹಿತ್ತಲಕ್ಕ ಹೋಗ್ರಿ.

ಈ ಕೋಡಿನ ಸಲುವಾಗಿ ಮನ್ಯಾಗ ಎಷ್ಟು ರಾದ್ಧಾಂತ ಆತು ನೆನಪು ಮಾಡಿಕೊಳ್ಳಿರಿ. ಮಂದಿ ಬೆನ್ನ ಮ್ಯಾಲೆ ಹೊರಸೂದು ಸಾಕಾಗೇತಿ, ಹಲಗಿ ಮ್ಯಾಲೆ ಗಂಟು ಪೇರಿಸಿ ಹಲಗಿ ಸಮೇತ ಎತ್ತಿ ರೈಲಿನ ಡಬ್ಬಿತನಕ ಮುಟ್ಟಸಾಂವಗ ಕೆಲಸ ಕೊಡತೇನಿ ಅಂತ ಗೋದಾಮಿನ ಸಾವಕಾರರು ಅಂದಿದ್ದ ತಡಾ, ನೀವು ಕುಣದಾಡಿಬಿಟ್ರಿ. ನಮ್ಮ ಟ್ರ್ಯಾಕ್ಟರಿಗೆ ಹಿಂದ ಎತ್ತೂ ತೋಳು ಐತಿ, ಹಲಗಿ ಬುಡಕ ತೂರಸಾಕ ಎರಡು ಕೋಡು ಸಿಕ್ಕರ ಆತು ಅಂದ್ರಿ. ಖರೇ. ನಿಮ್ಮ ದೋಸ್ತ ಜಮಾಲಸಾಬಣ್ಣ, ಆ ಟ್ರ್ಯಾಕ್ಟರನ್ನ ಬಿಚ್ಚಿ ಕೂಡಿಸಿ ಜೀವಾ ತುಂಬಿದ ಮೇಸ್ತ್ರಿ, ಅವರು ಏನಂದ್ರು? ಬೆಳಗಾವ್ಯಾಗ ಹೊಸಾದು ಬಡಿಸೂಣು, ದೀಪಾವಳಿತನಕ ತಡೀರಿ ಅಂದ್ರು. ನಿಮ್ಮ ಜಾತಕದಾಗ ತಡಿಯೂದ ಇಲ್ಲ. ಹಳಿಯಾಳದ ಗುಜರಿಯಾಂವ ಅರ್ಧಾ ರೇಟಿಗೆ ಕೊಟ್ಟಾನಂತ ಮದಿವಿ ಗಂಡಿನಂಗ ನಕ್ಕೋತ ಹೇರಿಕೊಂಡು ಬಂದ್ರಿ.

ಅದರ ಮೈತುಂಬ ಗ್ರೀಸ್ ಮೆತ್ತಿದ್ದ. ಹಳೇ ಕಬ್ಬಿಣಕ್ಕ ಇಷ್ಟ್ಯಾಕ ಗ್ರೀಸ್ ಹಚ್ಚ್ಯಾನ ಅಂತ ಜಮಾಲಣ್ಣ ಒಂದ ಮಾತು ಕೇಳಿದ್ರು. ಅದಕ್ಕ ನೀವು, ಬೆಳಗಾವಿ ಅಂಗಡಿಯಾಂವ ನಿನಗ ಎಷ್ಟು ದಲಾಲಿ ಕೊಡತಾನ ಅಂದ್ರಿ. ಅಯ್ಯ ಶಿವನ! ಒಲಿ ಮುಂದ ಕುಂತಾಕಿ ನಾಲಗಿ ಕಚ್ಚಿಕೊಂಡೆ. ಅವರು ಚಹಾ ಅರ್ಧಕ್ಕ ಬಿಟ್ಟು ಎದ್ದು ಹೋದ್ರು. ಪ್ರತಿ ವರ್ಷ ಎಲ್ಲಾರಕಿಂತ ಮೊದಲ ಬನ್ನಿ ಹಿಡಕೊಂಡು ಬಂದು, ಬಂಗಾರದಂಗ ಇರೂಣು ಅಂತ ಕೈ ಹಿಡೀತಿದ್ದ ಮನಶ್ಯಾ ಈ ದಸರಾಕ್ಕ ನಮ್ಮ ಓಣಿಗೇ ಬರಲಿಲ್ಲ. ನೀವು ದಿನಾ ಬಾಗಲಾ ನೋಡಿದ್ದು ನನಗ ಗೊತ್ತೈತಿ. ಗೊತ್ತಿಲ್ಲ ಅಂತ ತಿಳಕೋಬ್ಯಾಡ್ರಿ.

ಈಗ ನವಮಿ ದಿನದ ಮಾತು. ಖಂಡೆ ಪೂಜೆಗೆ ಕುಡಗೋಲು, ಕೊಡ್ಲಿ, ನಿಮ್ಮ ಪಾನಾ ಎಲ್ಲಾ ತೊಳದಿಟ್ಟೆ. ಕೋಡಿನ ಗ್ರೀಸ್ ಮಾತ್ರ ನೀರಿಗೆ ಹೋಗಲಿಲ್ಲ. ಚಿಮಣಿ ಎಣ್ಣ್ಯಾಗ ಅರಿವಿ ಎದ್ದಿ ತಿಕ್ಕಿ ತಿಕ್ಕಿ ತಗದೆ, ಒಣಾ ಅರಿವೀಲೆ ಒರಸಿದೆ. ಕಬ್ಬಿಣ ಲಕ್ ಅನ್ನಾಕ ಹತ್ತಿತು. ಬಾಗಿದ ಜಾಗಾದಾಗ ಮೂರು ಬಟ್ಟು ವಿಭೂತಿ ಎಳದು, ನಡುವ ಕುಂಕುಮ ಇಟ್ಟು, ಕಾಯಿ ಒಡದು, ನೀವೆಲ್ಲಾ ಆರತಿ ತಗೊಂಡು ಹೊರಗ ಹೋದ್ರಿ. ಸ್ವಲ್ಪ ಹೊತ್ತಿನ ಮ್ಯಾಲೆ ದೀಪಕ್ಕ ಎಣ್ಣಿ ಹಾಕಾಕ ಹೋದ್ರ, ಎಡಗಡೆ ಕೋಡಿನ ವಿಭೂತಿ ಮ್ಯಾಲೆ ಒಂದು ಕರೀ ಗೆರಿ. ಕೂದಲೆಳಿಯಷ್ಟು ಸಣ್ಣದು, ಈ ತುದೀಲಿಂದ ಆ ತುದಿತನಕ ಅಡ್ಡಡ್ಡ. ಬಲಗಡೆದು ಬೆಳ್ಳಗ ಹಂಗ ಇತ್ತು.

ಒರಸಿ ಮತ್ತ ಹಚ್ಚಿದೆ. ಮತ್ತ ಬಂತು. ಕೈ ತೊಳಕೊಂಡು, ಶಿವಾ ಶಿವಾ ಅಂತ ಇನ್ನೊಮ್ಮೆ ಹಚ್ಚಿದೆ. ಆಗೂ ಬಂತು. ಕಡೀಕ ಒಂದು ದೊಡ್ಡ ಚೆಂಡುಹೂ ತಗೊಂಡು ಅದರ ಮ್ಯಾಲೆ ಮುಚ್ಚಿಟ್ಟೆ. ಯಾರಿಗೂ ಹೇಳಲಿಲ್ಲ.

ಯಾಕ ಹೇಳಲಿಲ್ಲ ಅನ್ನೂದು ನಿಮಗ ತಿಳೀತೈತಿ. ನಾ ಬಂದ ವರ್ಷ ಎಮ್ಮಿ ಬತ್ತಿತು, ನನ್ನ ಕೈಗುಣ ಅಂದ್ರು ಅತ್ತಿಯವರು. ಹಿತ್ತಲದ ನುಗ್ಗಿಗಿಡ ಒಣಗಿತು, ಅದೂ ನನ್ನ ಕೈ. ಕೂಸು ಬಾಣಂತಿ ಕ್ವಾಣ್ಯಾಗ ಕಣ್ಣು ತೆರಿಯದ ಹೋತಲ್ಲ, ಆವಾಗ ಅವರು ಬಾಯಿಲೆ ಏನೂ ಅನಲಿಲ್ಲ, ನನ್ನ ಕೈ ನೋಡಿದ್ರು ಅಷ್ಟ. ಅದಕಿಂತ ಬೈದಿದ್ರ ಚಲೋ ಇತ್ತು. ನೀವು ಅದನ್ನ ನಂಬೂದಿಲ್ಲ ಅಂತ ಎಷ್ಟೋ ಸಲ ಹೇಳೀರಿ, ನಿಮ್ಮ ಪುಣ್ಯಾ. ಆದ್ರ ನಾ ನಂಬಿದ್ದೆ. ದೇವರ ವಿಭೂತಿ ಸುದ್ಧಾ ನನ್ನ ಕೈ ಹತ್ತಿದ ಕೂಡ್ಲೆ ಕರ್ರಗಾಗತೈತಿ ಅಂತ ತಿಳಕೊಂಡೆ. ಮರದಿನಾ ಬನ್ನಿ ಕೊಡುವಾಗ ಯಾರ ಕೈಯನ್ನೂ ಗಟ್ಟ್ಯಾಗಿ ಹಿಡೀಲಿಲ್ಲ. ಸೀಗಿ ಹುಣ್ಣಿವಿಗೆ ತವರಿಗೆ ಹೋಗತೇನಿ ಅಂತ ನಿನ್ನೆ ಅವಸರ ಮಾಡಿ ಬಸ್ ಹತ್ತಿದ್ದೂ ಇದಕ್ಕ.

ಇವತ್ತ ಮುಂಜಾನೆ ನಮ್ಮವ್ವ ಎಣ್ಣಿ ಗಡಿಗಿ ಹಿಡಕೊಂಡು ಕುಂತಿದ್ಲು. ಕುಸುಬಿ ಎಣ್ಣಿ ದಿನಾ ಇಳಿಯಾಕ ಹತ್ತೇತಿ, ಎಲ್ಲಿ ಸೋರತೈತಿ ಕಾಣವಲ್ದು ಅಂತ ಗೊಣಗತಿದ್ಲು. ಹೊರಗಿನ ಮೈಯೆಲ್ಲಾ ಒರಸಿ, ಒಲ್ಯಾಗಿನ ಬೂದಿ ತಗೊಂಡು ಸವರಿ ಬಿಸಲಿಗಿಟ್ಲು. ನಾವಿಬ್ಬರೂ ಜ್ವಾಳಾ ಹಸನ ಮಾಡಿಕೋತ ಕುಂತ್ವಿ. ನೋಡತೇನಿ, ಬೂದಿ ಮ್ಯಾಲೆ ಕರೀ ಗೆರಿ! ಅದ ಗೆರಿ, ಅಷ್ಟ ಸಣ್ಣದು. ಅವ್ವ ಉಗುರಿಲೆ ತೋರಿಸಿ, ಇಲ್ಲೆ ನೋಡು ಸೀಳು, ಒಳಗ ಹೊಕ್ಕ ಎಣ್ಣಿನ್ನ ಬೂದಿ ಹೊರಗ ಎಳಕೊಂಡು ಬಂತು ಅಂದ್ಲು. ಮೊರಾ ನನ್ನ ಕೈಯಾಗಿಂದ ಜಾರಿತು. ಅಳಾಕ ಹತ್ತಿದೆ. ಅವ್ವಗ ಹೆದರಿಕಿ ಆತು, ಏನಾತ ಏನಾತ ಅಂತ ಕೇಳಾಕ ಹತ್ತಿದ್ಲು. ನನ್ನ ಕೈಯಾಗ ಏನೂ ಇರಲಿಲ್ಲ ರೀ! ಇದ್ದದ್ದು ಕಬ್ಬಿಣದಾಗ, ಸೀಳಿನ್ಯಾಗ ಹೊಕ್ಕ ಚಿಮಣಿ ಎಣ್ಣಿನ್ನ ವಿಭೂತಿ ಹೊರಗ ಎಳದಿತ್ತು. ಅಷ್ಟು ಸಂತೋಷ ಆತು, ಮತ್ತ ಆ ಸಂತೋಷದ ಬೆನ್ನ ಹಿಂದ ಗೂಳಪ್ಪನ ಮಾರಿ ಕಣ್ಣ ಮುಂದ ಬಂತು.

ಗಂಟು ಎತ್ತಿದಾಗ ಅಡ್ಡಾದಿಡ್ಡಿ ಆಗಬಾರದಂತ ಕೋಡಿನ ಬಾಜೂಕ ನಿಂತು ಹೆಗಲು ಕೊಡಾಂವ ಅಂವ ಅಲ್ಲೇನ್ರಿ? ಅತ್ತಿಯವರು ನನ್ನ ಕೈಗೆ ಏನ ಹೆಸರಿಟ್ಟರೂ, ಅಕ್ಕಾರ ರೊಟ್ಟಿ ಕೊಡ್ರಿ ಅಂತ ದಿನಾ ಇದ ಕೈಯಾಗಿಂದ ಇಸಗೊಂಡು ಉಣ್ಣಾಂವ. ಮನ್ಯಾಗ ಅವನ ಹೆಂಡತಿ ಕೆಂಚವ್ವಗ ತಿಂಗಳು ತುಂಬ್ಯಾವ. ಅವಗ ಏನರ ಆದ್ರ ನಾ ಯಾವ ಮಾರಿ ಇಟಗೊಂಡು ಅಕಿ ಮುಂದ ಹೋಗಲಿ? ಆ ಹೂ ಇಟ್ಟಾಕಿ ನಾನು.

ಸೋಮವಾರ ಸುರು ಆಗದಿದ್ರ ಸಾವಕಾರರು ಕೆಲಸ ಬ್ಯಾರೆಯವರಿಗೆ ಕೊಡತಾರ ಅಂತ ನಿಮಗ ಹೆದರಿಕಿ ಇರತೈತಿ. ನನಗೂ ಐತಿ. ಆದ್ರ ಕೈಮುಗೀತೇನಿ, ಮೊದಲ ಹಲಗಿ ಮ್ಯಾಲೆ ಕಲ್ಲು ಹೇರಿ, ಯಾರನ್ನೂ ಹತ್ರ ಬಿಡದ ಎತ್ತಿ ನೋಡ್ರಿ. ಜಮಾಲಣ್ಣನ್ನ ಕರೀರಿ. ತಪ್ಪಾತು ಅನ್ನಾಕ ನಿಮ್ಮ ನಾಲಗಿ ಹೊಳ್ಳೂದಿಲ್ಲ, ಗೊತ್ತೈತಿ. ಬರೇ ಬಾ ಅನ್ರಿ ಸಾಕು, ಅವರು ಬರತಾರ.

ನಿಮ್ಮ ಸುದ್ದಿ ಬರೂತನಕ ನನಗ ಕೂಳು ಇಳಿಯೂದಿಲ್ಲ.

ನಿಮ್ಮ
ಸುಶೀಲಾ

ತಾ.ಕ.: ಪತ್ರದೊಳಗ ಏನೈತಿ ಅನ್ನೂದನ್ನ ಅಬ್ದುಲ್ ಕರೀಮ ಅವರಿಗೂ ಹೇಳಿ ಕಳಸತೇನಿ. ನೀವು ಓದಿ ಕಿಸೆದಾಗ ಇಟಗೊಂಡು ಸುಮ್ಮನಾಗಬಾರದಲ್ಲ. ಅವರು ಜಮಾಲಣ್ಣನ ತಂಗಿ ದಿಲಶಾದಳ ಗಂಡ ಅನ್ನೂದು ನಿಮಗ ಗೊತ್ತೇ ಐತಿ.

ದಾಂಡೇಲಿ, ಮಂಗಳವಾರ
ತಾ. 20-10-1964

ಸುಶೀಲಾ,

ಮೊದಲ ಇಷ್ಟು ಓದು: ಗೂಳಪ್ಪ ಆರಾಮ ಅದಾನ. ನಾನೂ ಅದೇನಿ. ಈಗ ಎರಡು ತುತ್ತು ಉಂಡು ಆಮ್ಯಾಲೆ ಉಳದದ್ದು ಓದು.

ನಿನ್ನ ಪತ್ರ ರವಿವಾರ ಸಂಜಿಗೆ ಮುಟ್ಟಿತು. ಹಿತ್ತಲಕ್ಕ ಹೋಗಿ ಓದಿದೆ. ಸುಳ್ಳ್ಯಾಕ ಹೇಳಲಿ, ಸಿಟ್ಟ ಬಂತು. ನೀನೂ ಜಮಾಲನ ಕಡೆ ಆದಿ ಅನಿಸಿತು. ಆದ್ರೂ ಸೋಮವಾರ ಗೋದಾಮಿಗೆ ಹೋದ ಕೂಡ್ಲೆ ಗೂಳಪ್ಪಗ ಚಹಾ ಕುಡದು ಬಾ ಅಂತ ಕಳಿಸಿ, ಹಲಗಿ ಮ್ಯಾಲೆ ಹಾಸಗಲ್ಲು ಹೇರಿ ಎತ್ತಿದೆ. ಎತ್ತಿತು. ಇಳಿಸಿ ಮತ್ತ ಎತ್ತಿದೆ, ಮತ್ತ ಎತ್ತಿತು. ನೋಡು, ಹೆಂಗಸರ ಮಾತು ಕೇಳಿ ಅರ್ಧಾ ಮುಂಜಾನೆ ಹಾಳಾತು ಅಂತ ನಿನ್ನ ಬೈದೆ. ಸಾವಕಾರರ ಗುಮಾಸ್ತ ಗಡಿಯಾರ ನೋಡತಿದ್ದ. ಗೂಳಪ್ಪ ಚಹಾ ಕುಡದು ಬಂದು, ಹೆಗಲ ಮ್ಯಾಲೆ ಟವೆಲ್ ಮಡಚಿ ಹಾಕಿಕೊಂಡು ತನ್ನ ಜಾಗಾಕ್ಕ ಬಂದು ನಿಂತ.

ಅಷ್ಟರಾಗ ಜಮಾಲ ಬಂದ. ನಾ ಕರದಿರಲಿಲ್ಲ. ನನ್ನ ಜೋಡಿ ಮಾತಾಡಲಿಲ್ಲ. ಗೂಳಪ್ಪನ ರಟ್ಟಿ ಹಿಡದು ಗ್ವಾಡಿತನಕ ಎಳಕೊಂಡು ಹೋಗಿ ಅಲ್ಲಿ ನಿಂದರಿಸಿದ. ನಿಂತಲ್ಲೆ ಎತ್ತಿದ್ರ ಏನ ಗೊತ್ತಾಗತೈತಿ, ಕಲ್ಲು ಸಮೇತ ಗೋದಾಮಿನ ಹೊಸ್ತಿಲಾ ದಾಟಸಂತ ಹೇಳು ನಿಮ್ಮ ಮಾಲಕಗ ಅಂತ ಗೂಳಪ್ಪಗ ಹೇಳಿದ. ನಾ ಹಟಕ್ಕ ಬಿದ್ದು ಟ್ರ್ಯಾಕ್ಟರ್ ಹಿಂದಕ್ಕ ಹೊಡದೆ. ಗಾಲಿ ಹೊಸ್ತಿಲಾ ಏರಿ ಇಳೀತು ನೋಡು, ಬಂದೂಕು ಹೊಡದಂಗ ಸಪ್ಪಳಾತು. ಎಡಗಡೆ ಕೋಡು ಬಾಗಿದಲ್ಲೆ ಮುರದು, ಕಲ್ಲೆಲ್ಲಾ ಬಾಜೂಕ ಬಿದ್ದು ಚೂರಾದವು. ಗೂಳಪ್ಪ ಬಾಜೂಕ ನಡಕೋತ ಬರಬೇಕಾಗಿದ್ದ ಜಾಗಾ ಅದು. ಅಂವ ಗ್ವಾಡಿಗೆ ಒರಗಿ ಹಂಗ ಕುಂತುಬಿಟ್ಟ. ನನ್ನ ಟ್ರ್ಯಾಕ್ಟರಿನಿಂದ ಜಮಾಲನೇ ಹಿಡದು ಇಳಿಸಿದ.

ಮುರದ ಜಾಗಾ ನೋಡಿದ್ವಿ. ಮುಕ್ಕಾಲು ಭಾಗ ಒಳಗ ಹಳೇ ಜಂಗು, ಹೊಸಾದಾಗಿ ಮುರದದ್ದು ಬರೇ ಒಂದು ಬಟ್ಟಿನಷ್ಟು. ಅಷ್ಟರ ಮ್ಯಾಲೆ ನಿಂತಿತ್ತು ಎಲ್ಲಾ.

ಸಂಜಿಗೆ ಬಾಡಿದ ಬನ್ನಿ ಎಲಿ ತಗೊಂಡು ಜಮಾಲನ ಮನಿಗೆ ಹೋದೆ. ತಪ್ಪಾತು ಅಂದೆ. ಹೌದು, ನನ್ನ ನಾಲಗಿ ಹೊಳ್ಳಿತು, ನೀ ನಗಬ್ಯಾಡ. ಬೆಳಗಾವಿ ಕೋಡು ದೀಪಾವಳಿಗೆ ಬರತಾವ. ಸಾವಕಾರರು ಅಲ್ಲಿತನಕ ತಡೀತಾರ, ಆದ್ರ ಗಂಟು ಬೆನ್ನ ಮ್ಯಾಲೇ ಸಾಗಬೇಕು. ಇವತ್ತ ನಾನೂ ಗೂಳಪ್ಪನ ಜೋಡಿ ಹೊತ್ತೇನಿ, ಬೆನ್ನು ಎತ್ತಾಕ ಬರವಲ್ದು.

ಮುರದ ತುಂಡು ತಂದು ಕಟ್ಟಿ ಮ್ಯಾಲೆ ಇಟ್ಟು, ಅವ್ವಗ ನಿನ್ನ ಪತ್ರ ಓದಿ ಹೇಳಿದೆ. ನೀ ಬ್ಯಾಡ ಅಂದಿದ್ದಿ, ಆದ್ರೂ ಓದಿದೆ, ಎಮ್ಮಿದು, ನುಗ್ಗಿಗಿಡದ್ದು, ಕೂಸಿಂದು ಎಲ್ಲಾ. ಅಕಿ ಆ ತುಂಡಿನ ಮ್ಯಾಲೆ ಕೈಯಾಡಿಸಿದ್ಲು. ಆಮ್ಯಾಲೆ, ಹೊಸಾ ಕೋಡಿಗೆ ವಿಭೂತಿ ಹಚ್ಚಾಕ ಸುಶೀಲಾ ಬರಲಿ, ಅಲ್ಲಿತನಕ ಯಾರೂ ಮುಟ್ಟಬ್ಯಾಡ್ರಿ ಅಂದ್ಲು.

ಹುಣ್ಣಿವಿ ಮುಗಿಸಿ ಲಗೂನ ಬಾ.

ನಿನ್ನ
ಸಾತಪ್ಪ

ತಾ.ಕ.: ಒಂದು ಮಾತು ಮ್ಯಾಲೆ ಬರಿಯಾಕ ಆಗಲಿಲ್ಲ. ಬನ್ನಿ ದಿನಾ ನಸಕಿನ್ಯಾಗ ನಾ ಆ ಚೆಂಡುಹೂ ಸರಿಸಿದ್ದೆ. ಕರೀ ಗೆರಿ ನಾನೂ ನೋಡಿದೆ. ಅವ್ವನ ಮಾತು ನಂಬೂದಿಲ್ಲ ಅಂತ ನಿನಗ ಎಷ್ಟೋ ಸಲ ಹೇಳಿದಾಂವ, ಆ ಹೊತ್ತಿನ್ಯಾಗ ನಂಬಿಬಿಟ್ಟೆ ಸುಶೀಲಾ. ಅವ್ವ ನೋಡಿದ್ರ ನಿನ್ನ ಕೈಗುಣ ಅಂತಾಳಂತ, ಒರಸಿ, ವಿಭೂತಿ ಹಚ್ಚಿ, ಬ್ಯಾರೆ ಹೂ ಇಟ್ಟೆ. ಗೂಳಪ್ಪಗ ಇದನ್ನ ಇನ್ನೂ ಹೇಳಿಲ್ಲ. ನೀ ಬಾ, ಇಬ್ಬರೂ ಕೂಡೇ ಹೋಗಿ ಹೇಳೂಣು.