ಬಖೂರ್ ಅಷ್ಟೇ

ನವೆಂಬರ್ 3, ಸೋಮವಾರ

ಮತ್ತೆ ಕೂಗಿತು. ಸಂಜೆ ನಮಾಜ್ ಮುಗಿದದ್ದೇ ತಡ, ಅತ್ತೆ ಕೆಂಡದ ಮೇಲೆ ಬಖೂರ್ ಧೂಪ ಹಾಕಿಕೊಂಡು ಧೂಪದಾನಿ ಸಮೇತ ಮೆಟ್ಟಿಲು ಹತ್ತಿದರು. ಹೊಗೆ ಮೇಲೇರಿತೋ ಇಲ್ಲವೋ, ಹೊಗೆ ಕಂಡರೆ ಕೂಗುವ ಚಾವಣಿಯ ಆ ಬಿಳಿ ಅಲಾರಂ ಡಬ್ಬಿ ಕಿರುಚಿಕೊಂಡಿತು. ಹಾಲು ಕುಡಿಯುತ್ತಿದ್ದ ಕೂಸು ಹಮ್ದಾ ಬೆಚ್ಚಿಬಿದ್ದು ಅತ್ತಳು. ಹಿಂದೆಯೇ ಫೋನ್. ಡಬ್ಬಿ ಕೂಗಿದರೆ ಅಗ್ನಿಶಾಮಕದ ಕಂಟ್ರೋಲ್ ರೂಮಿಗೂ ಗೊತ್ತಾಗುತ್ತದೆ.

"ಮನೇಲಿ ಬೆಂಕಿ ಏನಾದ್ರೂ...?"

"ಇಲ್ಲ ಅಕ್ಕಾ. ಬಖೂರ್ ಅಷ್ಟೇ."

ಅತ್ತೆ ತಮ್ಮ ಪಾಡಿಗೆ ತೊಟ್ಟಿಲಿಗೆ ಸುತ್ತು ಹಾಕಿದರು, ನನ್ನ ಕೂದಲಿಗೆ ಹೊಗೆ ಹಿಡಿದರು, ಕೊನೆಗೆ ಡಬ್ಬಿಗೂ ಒಂದು ಸುತ್ತು. "ನೋಡು, ಕೆಂಪಗೆ ಹೇಗೆ ಕಣ್ಣು ಮಿಟುಕಿಸುತ್ತೆ! ನನ್ನ ಮೊಮ್ಮಗಳಿಗೆ ದೃಷ್ಟಿ ಹಾಕ್ತಿರೋದೇ ಇದು."

ನಗು ಬಂತು. ಆಮೇಲೆ ಸಿಟ್ಟು. ನನ್ನಮ್ಮ ಬದುಕಿದ್ದಿದ್ದರೆ ಬಾಣಂತನ ತವರಲ್ಲೇ ಆಗುತ್ತಿತ್ತು.

ನವೆಂಬರ್ 5, ಬುಧವಾರ

ಡಾಕ್ಟರ್ ಹತ್ತಿರ ಹೋಗಿ ಬಂದೆವು. ತಿಂಗಳು ಮುಂಚೆಯೇ ಹುಟ್ಟಿದ ಕೂಸು, ಎದೆಯಲ್ಲಿ ಗೊರಗೊರ.

"ಮನೇಲಿ ಹೊಗೆ ಇರುತ್ತಾ?"

ನಾನು ಬಾಯಿ ಬಿಡುವ ಮೊದಲೇ ಅತ್ತೆ: "ಛೆ ಛೆ! ನಮ್ಮನೇಲಿ ಯಾರೂ ಸಿಗರೇಟ್ ಮುಟ್ಟಲ್ಲ."

ಡಾಕ್ಟರಮ್ಮ ನಮ್ಮಿಬ್ಬರ ಅಬಾಯಾ ನಿಲುವಂಗಿಗಳ ಘಮ ಹಿಡಿದೇಬಿಟ್ಟಳು. "ಬಖೂರ್ ಕೂಡ ಹೊಗೆಯೇ ಅಮ್ಮಾ. ಈ ಮಗುವಿಗೆ ಬೇಡವೇ ಬೇಡ."

ಖೋರ್‌ಫಕ್ಕಾನಿನ ಕಡಲ ದಂಡೆಯುದ್ದಕ್ಕೂ ಕಾರಿನಲ್ಲಿ ಅತ್ತೆಯದೇ ಮಾತು. "ಐದು ಮಕ್ಕಳಿಗೂ ಹೊಗೆ ಕೊಟ್ಟೇ ಸಾಕಿದ್ದೀನಿ. ಒಬ್ಬರಿಗಾದ್ರೂ ಕೆಮ್ಮು ಬಂತಾ? ನಿನ್ ಗಂಡನ್ನೇ ಕೇಳು."

ಕೇಳಿದೆ. ಖಲ್ಫಾನ್ ನಡುಸಮುದ್ರದಲ್ಲಿ, ಎಣ್ಣೆ ಬಾವಿಯ ಕೆಲಸದಲ್ಲಿ; ಫೋನಿನಲ್ಲೇ ಉತ್ತರ. "ಅಮ್ಮಂಗೆ ನಾನು ಹೇಗೆ ಹೇಳ್ಲಿ ವದೀಮಾ? ಬಾಣಂತನದ ನಲವತ್ತು ದಿನ ಹೇಗೋ ಸಹಿಸ್ಕೋ."

ಸಹಿಸಬೇಕಾದ್ದು ಕೂಸಿನ ಎದೆ. ಅವನದಲ್ಲ.

ನವೆಂಬರ್ 6

ಕೂಗಿತು. ಬಖೂರ್ ಅಷ್ಟೇ.

ನವೆಂಬರ್ 7, ಶುಕ್ರವಾರ

ಇವತ್ತು ಎರಡು ಸಲ. ಹಬ್ಬದ ವಾರ ಅಲ್ಲ, ಏನಲ್ಲ! ಕಂಟ್ರೋಲ್ ರೂಮಿನವಳು ಈಗ ಬೆಂಕಿಯ ಸುದ್ದಿಯನ್ನೇ ಎತ್ತುವುದಿಲ್ಲ.

"ಬಖೂರಾ?"

"ಹೂಂ ಅಕ್ಕಾ, ಬಖೂರ್ ಅಷ್ಟೇ."

"ನಮ್ಮತ್ತೇನೂ ಹೀಗೇ ಕಣಮ್ಮ," ಅಂತ ನಕ್ಕಳು. ನನಗೂ ನಗು. ಹಮ್ದಾಳ ಕೆಮ್ಮು ಮಾತ್ರ ನಿಂತಿಲ್ಲ.

ನವೆಂಬರ್ 11, ಮಂಗಳವಾರ

ಆಸ್ಪತ್ರೆಯಿಂದ ಈಗ ಬಂದೆವು. ಶನಿವಾರ ಬೆಳಿಗ್ಗೆ ಹಮ್ದಾಳ ತುಟಿ ನೀಲಿಗಟ್ಟಿತ್ತು... ಅಷ್ಟು ಪುಟ್ಟ ಮುಖಕ್ಕೆ ಆ ಆಕ್ಸಿಜನ್ ಮಾಸ್ಕು, ಆ ಪೈಪು. ಅತ್ತೆ ಕಾರಿಡಾರಿನ ಗೋಡೆಗೆ ಮುಖ ಮಾಡಿ ಅತ್ತರು. ಬುದ್ಧಿ ಬಂತು ಅಂದುಕೊಂಡೆ.

ಎಲ್ಲಿ ಬರಬೇಕು. ಹೊಸ್ತಿಲು ದಾಟಿದವರೇ, "ಆ ನರ್ಸು 'ಎಷ್ಟು ಮುದ್ದಾಗಿದೆ' ಅಂದ್ಲು, ಮಾಶಾಅಲ್ಲಾಹ್ ಅನ್ಲೇ ಇಲ್ಲ! ಹಾಳು ಕಣ್ಣು. ಇದ್ದಿಲು ಎಲ್ಲಿ?"

ಅವರು ಕೈಕಾಲು ತೊಳೆದು ಬರುವಷ್ಟರಲ್ಲಿ ಇದ್ದಿಲು ನನ್ನ ಬೀರು ಸೇರಿತ್ತು. ಇದ್ದಷ್ಟೂ ಪೊಟ್ಟಣ, ಚಳಿಗಾಲದ ಹೊದಿಕೆಗಳ ಅಡಿಯಲ್ಲಿ. ಕದ್ದೆ. ನನ್ನ ಮನೆಯಲ್ಲಿ ನಾನೇ ಕಳ್ಳಿ. ಬೈಯಲಿ, ಹುಡುಕಲಿ. ಕೊಡುವುದಿಲ್ಲ.

ನವೆಂಬರ್ 12, ಬುಧವಾರ

ನಿನ್ನೆ ಕೂಗಲಿಲ್ಲ! ಹಮ್ದಾ ಚೆನ್ನಾಗಿ ನಿದ್ದೆ ಮಾಡಿದಳು. ಎದೆಯ ಗೊರಗೊರ ಕಡಿಮೆ.

ಅತ್ತೆ ಸ್ವಲ್ಪ ಹೊತ್ತಿನ ಮುಂಚೆ ಖಾಲಿ ಧೂಪದಾನಿ ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ಆಸ್ಪತ್ರೆಯ ಕುರ್ಚಿಯಲ್ಲಿ ನಿದ್ದೆಗೆಟ್ಟು ಕಣ್ಣು ಗುಳಿಬಿದ್ದಿದೆ. "ಅಂಗಡಿಯವನು ನಾಳೆ ತರ್ತಾನಂತೆ. ಇವತ್ತೂ ಕೂಸಿಗೆ ಏನೂ ಇಲ್ಲ." ಆಮೇಲೆ ನನ್ನ ಕೆನ್ನೆ ಹಿಡಿದು, "ಹೋಗ್ಲಿ, ನಿನಗೆ ತುಪ್ಪ ಹಾಕಿ ಮೆಂತ್ಯೆ ಮಾಡ್ತೀನಿ. ಹೇಗೆ ಸೊರಗಿದೀಯ ನೋಡು. ನಿನ್ನಮ್ಮ ಇದ್ದಿದ್ರೆ ನನ್ನ ಬಿಡ್ತಿದ್ಲಾ? ಒಲೆ ಮೇಲಿಟ್ಟು ಒಂಚೂರು ಒರಗ್ತೀನಿ, ಆದಮೇಲೆ ಮೇಲಕ್ಕೆ ತರ್ತೀನಿ."

ಇದ್ದಿಲು ನಾನೇ ಬಚ್ಚಿಟ್ಟೆ ಅಂತ ನಾಳೆ ಹೇಳಿಬಿಡಬೇಕು. ಬೈಸಿಕೊಂಡರೂ ಪರವಾಗಿಲ್ಲ. ಅಂಗಳದಲ್ಲಿ ಮಾತ್ರ ಹಾಕಿ ಅಂತ ಕಾಲು ಹಿಡಿದು

ಕೂಗುತ್ತಿದೆ. ಬರೆಯುತ್ತಿದ್ದ ಹಾಗೇ! ಹಮ್ದಾಳ ಕಿವಿ ಮುಚ್ಚಿ ಎದೆಗೊತ್ತಿಕೊಂಡೆ. ಫೋನ್ ಬಂತು. ಅವಳು ಕೇಳುವುದಕ್ಕೂ ಬಿಡಲಿಲ್ಲ ನಾನು — ಬಖೂರ್ ಅಷ್ಟೇ ಅಕ್ಕಾ. ಆಯ್ತಮ್ಮ ಅಂತ ಇಟ್ಟಳು.

ಎಂಥ ಹಠಮಾರಿ ಹೆಂಗಸಪ್ಪ! ಎಲ್ಲಿಂದ ತರಿಸಿದರೋ ಇದ್ದಿಲು. ನಾನಿಲ್ಲಿ ಕರಗಿ ನೀರಾಗುತ್ತಿದ್ದರೆ ಅವರು ಅಲ್ಲಿ... ಅಂಗಡಿಯವನು ಬರುವುದು ನಾಳೆ ಅಲ್ವಾ.

ಇದ್ದಿಲು ಇಲ್ಲೇ ಇದೆ. ಬೀರು ತೆಗೆದು ನೋಡಿದೆ. ಅಷ್ಟೂ ಇದೆ.

ಇದು ಬಖೂರ್ ವಾಸನೆ ಅಲ್ಲ. ತುಪ್ಪ ಹೊತ್ತಿದ ವಾಸನೆ. ಅತ್ತೇ ಅಂತ ಕೂಗಿದರೆ ಉತ್ತರ ಇಲ್ಲ — ಕೆಳಗೆ ಮಲಗಿದ್ದಾರೆ, ನಾನು ಫೋನಿನಲ್ಲಿ ಏನು ಹೇಳಿಬಿ