ನಮ್ಮಕ್ಕನ ಆಪ್ತರು

ಶುಶ್ರೂಷಾಲಯ ಬಿಟ್ಟವರು ಮುಂದೆ ಎಲ್ಲಿರಬೇಕೆಂದು ತೀರ್ಮಾನಿಸುವ ಮಾನ್ಯ ಅಧಿಕಾರಿಗಳೇ,

ನನ್ನ ಅಕ್ಕ ಕಾಂತಾಬಾಯಿಗೆ ಕೊಡುತ್ತಿದ್ದ ಔಷಧವನ್ನೂ ಮಲಾಮು-ಪಟ್ಟಿಯನ್ನೂ ತಾವು ನಿಲ್ಲಿಸಿದ್ದೀರಿ. ಆಕೆ ಬೀದರಿನಲ್ಲಿ ಹಾಜಿರಾಬೀ ಎಂಬ ಪರರ ಮನೆಯಲ್ಲಿದ್ದಾಳೆ, ಔರಾದ ತಾಲೂಕಿನ ಡಾಬಕಾದಲ್ಲಿರುವ ಸ್ವಗೃಹಕ್ಕೆ ಮರಳಿದರೆ ಮಾತ್ರ ಮತ್ತೆ ಕೊಡಲಾಗುವುದು ಎಂದು ತಮ್ಮ ದಫ್ತರದ ಜವಾನ ಬಾಗಿಲಲ್ಲಿ ನಿಂತು ಹೇಳಿಹೋದ. ಮರಳಿದರೆ ಆಕೆ ಸಾಯುತ್ತಾಳೆ. ಇದನ್ನು ನಾನು ಊಹಿಸಿ ಬರೆಯುತ್ತಿಲ್ಲ. ಅಲ್ಲಿಂದ ಒಮ್ಮೆ ಸಾವಿನ ಅರ್ಧ ದಾರಿಯವರೆಗೆ ಹೋಗಿ ಬಂದಿದ್ದಾಳೆ.

ನಾವು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಳೆಗಾಲದಲ್ಲಿ ಡಾಬಕಾದ ಮನೆಯ ಗೋಡೆ ಕುಸಿದು ಅಕ್ಕನ ಸೊಂಟದ ಮೇಲೆ ಬಿತ್ತು. ಅಂದಿನಿಂದ ಸೊಂಟದ ಕೆಳಗೆ ಆಕೆಗೆ ಯಾವ ಸ್ಪರ್ಶವೂ ತಿಳಿಯುವುದಿಲ್ಲ. ಬೀದರಿನ ಶುಶ್ರೂಷಾಲಯದಲ್ಲಿ ಆಕೆಯ ಪಕ್ಕದ ಮಂಚದಲ್ಲಿದ್ದವಳು ಹಾಜಿರಾಬೀ ಎಂಬ ವಿಧವೆಯ ಸೊಸೆ. ಆ ಸೊಸೆ ಉಳಿಯಲಿಲ್ಲ. ಆದರೆ ಹಾಜಿರಾಬೀ ಬರುವುದನ್ನು ಬಿಡಲಿಲ್ಲ. ಸೊಸೆಗೆ ತರುತ್ತಿದ್ದ ಊಟದ ಡಬ್ಬಿಯನ್ನು ನಮ್ಮಕ್ಕನ ಮಂಚದ ಮೇಲೆ ಇಡತೊಡಗಿದಳು. ಅಕ್ಕ ಆಕೆಯನ್ನು ‘ಆಪಾ’ ಎಂದು ಕರೆಯುತ್ತಾಳೆ. ಅವರ ಮಾತಿನಲ್ಲಿ ಆಪಾ ಎಂದರೆ ಅಕ್ಕ. ಹೊರಗಿನಿಂದ ಬಂದ ತಮಗೆ ಇದನ್ನು ಬಿಡಿಸಿ ಹೇಳಬೇಕಾಯಿತು.

ಬಿಡುಗಡೆಯ ದಿನ ಹೊಸ ರಾಜ್ಯದ ಹೊಸ ಕನ್ನಡದಲ್ಲಿ ತಮ್ಮ ಆದೇಶ ಬಂತು. ನಾನು ಓದಿದ್ದು ಉರ್ದು ಶಾಲೆಯಲ್ಲಿ. ಕನ್ನಡ ಕಲಿತದ್ದು ಏಕೀಕರಣದ ಕರಪತ್ರಗಳನ್ನು ಹಂಚುತ್ತ. ಆದ್ದರಿಂದ ಹೆಮ್ಮೆಯಿಂದ, ಇಡೀ ವಾರ್ಡಿಗೆ ಕೇಳುವಂತೆ ಓದಿದೆ: “ರೋಗಿಯನ್ನು ಸ್ವಗೃಹದಲ್ಲಿರಿಸಿ ಆಪ್ತರು ಶುಶ್ರೂಷೆ ಮಾಡತಕ್ಕದ್ದು.”

ಅಕ್ಕ ತಲೆ ಎತ್ತಿದಳು. “ಏನಂದಿ? ಆಪಾ ಮಾಡಬೇಕಂತ ಬರದಾರ?”

“ಆಪಾ ಅಲ್ಲಕ್ಕಾ, ಆಪ್ತರು.”

“ಅದೇ ಅಲ್ಲೇನೋ! ನೋಡು ಆಪಾ, ನಿನ್ನ ಹೆಸರು ಮೈಸೂರ್ ತನಕಾ ಹೋಗ್ಯಾದ.”

“ಹಾಯ್ ಅಲ್ಲಾ,” ಎಂದಳು ಹಾಜಿರಾಬೀ, “ಸರ್ಕಾರಿ ಕಾಗದದಾಗ ಬರ್ಲಾಕ ನಾ ಏನ್ ಗುನ್ಹಾ ಮಾಡೀನಿ ಬೇಟಿ?”

ವಾರ್ಡು ನಕ್ಕಿತು. ನಾನು ಮಾತ್ರ ನಗದೆ, ಆಪ್ತರೆಂದರೆ ಮನಸ್ಸಿಗೆ ಹತ್ತಿರದವರು, ಕಷ್ಟಕ್ಕೆ ಒದಗುವವರು ಎಂದು ಪಾಠ ಹೇಳಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು. “ಹಂಗಾದ್ರ ನಾ ಹೇಳಿದ್ದೇ ಖರೇ ಅದ. ಆಪಾನ ಮನಿಗೇ ಹೋಗ್ತೇನಿ.”

ಅವಳ ಅರ್ಥದಲ್ಲಿ ತಪ್ಪು ಹುಡುಕಲು ಇಂದಿಗೂ ನನ್ನಿಂದ ಆಗಿಲ್ಲ. ತಮ್ಮ ದಫ್ತರಕ್ಕೆ ಕೂಡಲೇ ಸಿಕ್ಕಿತು. ಆಪ್ತರೆಂದರೆ ರಕ್ತಸಂಬಂಧಿಗಳು ಎಂದರು. ಯಾವ ನಿಘಂಟಿನಲ್ಲಿ, ಮಾನ್ಯರೇ? ರಕ್ತಕ್ಕೆ ಕೈಗಳಿವೆಯೇ? ಮಲಗಿದವಳನ್ನು ಅದು ಎತ್ತಿ ಮಗ್ಗಲು ಬದಲಿಸುತ್ತದೆಯೇ? ನನ್ನಲ್ಲಿ ಹರಿಯುವುದೂ ಆಕೆಯ ರಕ್ತವೇ. ನಾನು ಬೀದರಿನ ಅಡತಿ ಅಂಗಡಿಯಲ್ಲಿ ಚೀಲ ಹೊತ್ತು, ರಾತ್ರಿ ಅದೇ ಅಂಗಡಿಯ ಕಟ್ಟೆಯ ಮೇಲೆ ಮಲಗುವವನು. ಆ ಕಟ್ಟೆಯನ್ನು ತಾವು ಸ್ವಗೃಹವೆಂದು ಒಪ್ಪುತ್ತಿದ್ದಿರೋ ಏನೋ, ಆಗ ಕೇಳಲು ಹೊಳೆಯಲಿಲ್ಲ.

ಅಕ್ಕನನ್ನು ಡಾಬಕಾಕ್ಕೆ, ಅಪ್ಪನ ತಮ್ಮ ಕಾಕಾ ಗೋರಖನಾಥ ಮತ್ತು ಆತನ ಹೆಂಡತಿ ಕಾಕು ಅಂಜನಾಬಾಯಿಯ ಬಳಿಗೆ ಕಳಿಸಿದಿರಿ. ಅವರು ಕೆಟ್ಟವರಲ್ಲ. ಬೆಳಕು ಹರಿಯುತ್ತಲೇ ಪರರ ಹೊಲಕ್ಕೆ ಹೋಗಿ ಕತ್ತಲಾದ ಮೇಲೆ ಬರುವವರು. ಅಲ್ಲಿಯವರೆಗೆ ಅಕ್ಕ ಮಲಗಿಸಿದ ಮಗ್ಗಲಲ್ಲೇ ಇರುತ್ತಿದ್ದಳು. ಅದಕ್ಕೆಂದೇ ತಾವು ಊರೂರು ತಿರುಗುವ ಉಪಚಾರಕಿಯನ್ನು ಕಳಿಸಿದಿರಿ. ಆಕೆ ನಮ್ಮ ಕೇರಿಯ ಬೇವಿನ ಮರದವರೆಗೆ ಬಂದಳು.

ಮರದಿಂದ ಈಚೆಗೆ ಬರಲಿಲ್ಲ. ನಾವೀಗ ಬೌದ್ಧರು, ಒಳಗೆ ಬನ್ನಿ ಎಂದು ಕಾಕಾ ಕರೆದ. “ನೀವು ಏನರ ಆಗ್ರಿ, ಕೇರಿ ಅದೇ ಅದಲ್ರಿ,” ಎಂದಳಂತೆ. ಆಮೇಲೆ ಅಲ್ಲಿಂದಲೇ ಕೂಗಿದಳು: “ಹೊರಳಸ್ರಿ! ಬಿಸಿ ನೀರಾಗ ಅರಬಿ ಅದ್ದಿ ಒರಸ್ರಿ! ಪುಡಿ ಹಚ್ರಿ!”

“ಬಾವ್ಯಾಗ ಬಿದ್ದಂವಗ ದಂಡಿ ಮ್ಯಾಲ ನಿಂತು ಈಜು ಕಲಸ್ದಂಗ ಆತು ನೋಡ್ರಿ ಬಾಯಾರ,” ಎಂದು ಕಾಕು ಒಳಗಿನಿಂದ ಕೂಗಿದಳು. ತಮ್ಮ ವರದಿಯಲ್ಲಿ ಇದು ‘ರೋಗಿಗೆ ಮನೆಯಲ್ಲಿ ಉಪಚಾರ’ ಎಂದು ದಾಖಲಾಗಿದೆ. ಬೇವಿನ ಮರ ಆರೋಗ್ಯವಾಗಿದೆ.

ಒಂದು ಭಾನುವಾರ ಊರಿಗೆ ಹೋದಾಗ ಹೊಸ್ತಿಲಲ್ಲೇ ವಾಸನೆ ಬಂತು. ಹೊದಿಕೆ ಸರಿಸಿದೆ. ಸೊಂಟದ ಕೆಳಗೆ ನನ್ನ ಅಂಗೈ ಅಗಲದ ಹುಣ್ಣು. ನಾನು ಅದರ ಅಂಚಿಗೆ ಕೈಯಿಟ್ಟು ಎಷ್ಟೋ ಹೊತ್ತಾದ ಮೇಲೆ ಅಕ್ಕ ಕೇಳಿದಳು: “ಮುಟ್ಟಿದೇನೋ?”

“ಹೂಂ.”

“ಎಲ್ಲಿ?”

ಹೊದಿಕೆಯನ್ನು ಮತ್ತೆ ಹೊದಿಸಿದೆ. ಅನ್ಯಾಯ ಕಂಡಾಗ ಸಿಟ್ಟು ಬರಬೇಕೆಂದು ನಾನು ಓದಿದ ಕರಪತ್ರಗಳೆಲ್ಲ ಹೇಳುತ್ತವೆ. ಅಂದು ಬರಲಿಲ್ಲ. ಈಗಲೂ ಬಂದಿಲ್ಲ. ಈ ಪತ್ರದಲ್ಲಿ ತಮಗೆ ಚುಚ್ಚುಮಾತು ಕಂಡರೆ ಅದು ಕೈಗೆ ಆದ ರೂಢಿ, ಅಷ್ಟೇ. ಒಳಗೆ ಏನೂ ಅಲುಗಾಡುತ್ತಿಲ್ಲ.

ಹಾಜಿರಾಬೀಗೆ ಸುದ್ದಿ ಮುಟ್ಟಿಸಿದೆ. ಮರುದಿನವೇ ಬಂದಳು. ಬೇವಿನ ಮರವನ್ನು ದಾಟುವಾಗ ಅದರ ಕಡೆ ನೋಡಲೂ ಇಲ್ಲ. ನಾನು ತಮ್ಮ ಆದೇಶ, ರಕ್ತಸಂಬಂಧ ಎಂದು ಏನೋ ಶುರುಮಾಡಿದೆ. “ಬಾತ್ ಆಮ್ಯಾಲ. ಮೊದಲ್ ನೀರ್ ಕಾಸು ಬೇಟಾ,” ಎಂದು ಬುರ್ಖಾ ಮಡಚಿಟ್ಟು ಕುಳಿತಳು. ಹುಣ್ಣು ತೊಳೆದಳು, ಅಕ್ಕನ ಮಗ್ಗಲು ಬದಲಿಸಿದಳು, ಮರುದಿನ ಚಕ್ಕಡಿಯಲ್ಲಿ ಮಲಗಿಸಿಕೊಂಡು ಬೀದರಿಗೆ, ಚೌಬಾರಾ ಗೋಪುರದ ಹಿಂದಿನ ಗಲ್ಲಿಯ ತನ್ನ ಕೋಣೆಗೆ ಕರೆತಂದಳು. ಕಾಕು ಅತ್ತಳು, ಆದರೆ ತಡೆಯಲಿಲ್ಲ.

ಇದನ್ನು ತಿಳಿಸಲು ತಮ್ಮ ದಫ್ತರಕ್ಕೆ ಬಂದಾಗ ಗುಮಾಸ್ತರು ಹಾಜಿರಾಬೀಯನ್ನು ಕೇಳಿದರು: “ಆಕಿನ್ನ ಮುಸಲ್ಮಾನಳ ಮಾಡೋ ವಿಚಾರ ಏನರ ಅದೇನಮ್ಮ?”

“ಮೊದಲ್ ಎಬ್ಬಿಸಿ ಕೂಡಸ್ತೇನಿ ಸಾಬ್,” ಎಂದಳು ಆಕೆ. “ಉಳದದ್ದು ನೀವೇ ಆಕಿನ್ನ ಕೇಳ್ರಿ.”

ಕೂಡಿಸಿದ್ದಾಳೆ. ಗೋಡೆಗೆ ದಿಂಬು ಕೊಟ್ಟರೆ ಅಕ್ಕ ಈಗ ಕುಳಿತು ಸೊಪ್ಪು ಸೋಸುತ್ತಾಳೆ, ಗಲ್ಲಿಯ ಹೆಂಗಸರೊಡನೆ ಜಗಳವಾಡುತ್ತಾಳೆ. ಹುಣ್ಣು ಅರ್ಧ ಮಾಗಿದೆ. ಉಳಿದರ್ಧಕ್ಕೆ ಬೇಕಾದ ಔಷಧ ತಮ್ಮ ಕಪಾಟಿನಲ್ಲಿದೆ. ಅದನ್ನು ಡಾಬಕಾದವರೆಗೆ ಕಳಿಸುವುದಕ್ಕೆ ತಾವು ಸಿದ್ಧ. ತಮ್ಮ ದಫ್ತರದಿಂದ ಕೂಗಿದರೆ ಕೇಳುವಷ್ಟು ಹತ್ತಿರದ ಈ ಗಲ್ಲಿಗೆ ಕಳಿಸುವುದಕ್ಕೆ ಮಾತ್ರ ಕಾನೂನು ಅಡ್ಡ ಬರುತ್ತದೆ. ಆಕೆಯನ್ನು ಮುಟ್ಟದವರು ಕಾನೂನಿನ ಒಳಗಿದ್ದಾರೆ, ಮುಟ್ಟಿದವಳು ಹೊರಗಿದ್ದಾಳೆ. ಇಂಥ ರಾಜ್ಯಕ್ಕಾಗಿಯೇ ನಾನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಾಗದ ಹಂಚಿದೆನೇ ಎಂದು ತಮ್ಮನ್ನು ಕೇಳುವುದಿಲ್ಲ. ತಮಗೆ ಉತ್ತರ ಗೊತ್ತಿರಲಿಕ್ಕಿಲ್ಲ.

ಔಷಧವನ್ನು ಈ ವಾರವೇ ಹಾಜಿರಾಬೀಯ ಮನೆಗೆ ಕಳಿಸಿ. ಅಕ್ಕ ಎಲ್ಲಿ ಇರಲು ಬಯಸುತ್ತಾಳೋ ಅಲ್ಲಿಯೇ ಆಕೆಯ ಆರೈಕೆ ನಡೆಯಲಿ ಎಂದು ಬರೆದುಕೊಡಿ. ಇದಿಷ್ಟೇ ನನ್ನ ಬೇಡಿಕೆ.

ಪತ್ರವನ್ನು ಅಕ್ಕನಿಗೆ ಓದಿ ತೋರಿಸಿದೆ. ಬಹಳ ಉದ್ದವಾಯಿತು ಎಂದಳು. ಸೋಸುತ್ತಿದ್ದ ಸೊಪ್ಪನ್ನು ಪಕ್ಕಕ್ಕಿಟ್ಟು ಅಂದಳು: “ಇಷ್ಟೆಲ್ಲಾ ಯಾಕೋ? ಹೋಗಿದ್ದು ನನ್ನ ಕಾಲು. ಬಾಯಿ ಹೋಗಿಲ್ಲ. ಬಂದು ನನ್ನ ಕೇಳ್ರಿ ಅಂತ ಬರಿ.”

ಬರೆದಿದ್ದೇನೆ.

ಇಂತಿ,
ತಮ್ಮ ವಿಧೇಯನಾಗಲು ಹೋಗಿ ಕೆಟ್ಟವನು,
ಕಾಂತಾಬಾಯಿಗೆ ಮಾತ್ರ ತಮ್ಮ,
ಕಾಶೀರಾಮ