ಜೋಳದ ಚಿಗುರು

ಮಾಗನೂರು,
ಸೋಮವಾರ

ಶ್ರೀವಲ್ಲಿ ಮೇಡಂ ಅವರಿಗೆ ಶಿರೀಷಾಳ ನಮಸ್ಕಾರಗಳು.

ನಾನು ಇನ್ನು ರಾಯಚೂರಿಗೆ ಬರುವುದಿಲ್ಲ. ಲ್ಯಾಬಿನ ಫ್ರಿಜ್‌ನ ಕೆಳಗಿನ ಖಾನೆಯಲ್ಲಿರುವ ನನ್ನ ಬ್ಯಾಕ್ಟೀರಿಯಾಗಳನ್ನು ದಯವಿಟ್ಟು ಬೇರೆ ಯಾರಿಗಾದರೂ ಕೊಡಿ. ಅವು ಚೆನ್ನಾಗಿವೆ. ಸಯನೈಡ್ ಹಾಕಿದರೂ ಅವುಗಳ ಕಿಣ್ವ ಅದಕ್ಕೆ ಗಂಧಕ ಅಂಟಿಸಿ ವಿಷ ಇಳಿಸುತ್ತದೆ.

ಅದೇ ಕಿಣ್ವ ನಮ್ಮ ಯಕೃತ್ತಿನಲ್ಲೂ ಇದೆ, ಕುರಿಯ ಯಕೃತ್ತಿನಲ್ಲೂ ಇದೆ ಎಂದು ಹೋದ ಸಲ ಊರಿಗೆ ಬಂದಾಗ ಅಪ್ಪನಿಗೆ ಹೇಳಿದ್ದೆ. ಕೊಯ್ದ ಜೋಳದ ಕೂಳೆ ಮಳೆಗೆ ಚಿಗುರಿದರೆ ಆ ಎಳೆ ಚಿಗುರಿನಲ್ಲಿ ಸಯನೈಡ್ ಇರುತ್ತದೆ. ಅಪ್ಪ ಅಂಥ ಹೊಲದತ್ತ ಎಂದೂ ಕುರಿ ಬಿಟ್ಟವನಲ್ಲ. ಸ್ವಲ್ಪ ಮೇಯ್ದರೆ ಏನೂ ಆಗುವುದಿಲ್ಲ ಎಂದವಳು ನಾನು.

ಮೊನ್ನೆ ಬೀರಪ್ಪನ ಪೂಜೆಯಿತ್ತು. ಪೂಜೆ ಮುಗಿಯುವ ತನಕ ನಮ್ಮಲ್ಲಿ ಕುರಿಗಳನ್ನು ಹಟ್ಟಿಯಿಂದ ಬಿಡುವುದಿಲ್ಲ. ಮಧ್ಯಾಹ್ನ ಅಪ್ಪ ನನ್ನ ಮಾತು ನಂಬಿ ಚಿಗುರಿದ ಹೊಲಕ್ಕೆ ಬಿಟ್ಟ. ಹಸಿದಿದ್ದವು, ಒಂದೇ ಸಮನೆ ಮೇಯ್ದವು. ಅಷ್ಟು ವಿಷಕ್ಕೆ ಅವುಗಳ ಮೈಯಲ್ಲಿದ್ದ ಗಂಧಕ ಎಲ್ಲಿ ಸಾಕು? ಖಾಲಿ ಹೊಟ್ಟೆಯಲ್ಲಿ ಮೇಯಲು ಬಿಡಬಾರದು ಎಂದು ನಾನು ಅಪ್ಪನಿಗೆ ಹೇಳಿರಲಿಲ್ಲ. ದನದ ಡಾಕ್ಟರು ಗಂಧಕದ ಇಂಜೆಕ್ಷನ್ ಹಿಡಿದು ಮಕ್ತಲದಿಂದ ಬರುವಷ್ಟರಲ್ಲಿ ಮಂದೆಯಲ್ಲಿ ಒಂದೂ ಉಳಿದಿರಲಿಲ್ಲ.

ನನ್ನ ಪ್ರಬಂಧದಲ್ಲಿ ಏನನ್ನೂ ತಿದ್ದಬೇಡಿ ಮೇಡಂ. ಬರೆದದ್ದೆಲ್ಲ ಸರಿಯಾಗಿದೆ.

ಅಪ್ಪ ಮಾತ್ರ ನೋಡಲು ಬಂದವರಿಗೆಲ್ಲ, "ನನ್ ಮಗಳು ಹೇಳಿದ್ದು ಖರೇನ ಐತ್ರಿ, ನಮ್ ಕುರಿಗೋಳಿಗೇ ಭಾಳ ಹಸಿವಾಗಿತ್ತು" ಅನ್ನುತ್ತಾನೆ.

ಇಂತಿ,
ಕುರುಬರ ಕಿಷ್ಟಪ್ಪನ ಮಗಳು
ಶಿರೀಷಾ